ಬದುವಿಗೆ ಬಂದರೆ ಬೇಲಿ

ಮೊಳೆತ ಕಡಲೆಕಾಯಿ ಹೊಲಕ್ಕೆ ಆಡು ನುಗ್ಗಿದರೆ ವರ್ಷದ ದುಡಿಮೆ ಹೋಯಿತು. ಒಣಮುಳ್ಳಿನ ಬೇಲಿಯೋ, ಗೆದ್ದಲು ಹಿಡಿದು ಮತ್ತೆ ಮತ್ತೆ ಹಾಕಬೇಕು. ಮಧುಗಿರಿ, ಕೊರಟಗೆರೆ ಗುಡ್ಡಗಳಲ್ಲೂ ಶಿರಾ, ಪಾವಗಡದ ಕಲ್ಲುನೆಲದಲ್ಲೂ ಬರುವ ಬಂದರೆ ಗಿಡವನ್ನೇ ಬದುವಿಗೆ ತನ್ನಿ. ಬೇಸಿಗೆಯಲ್ಲೂ ಹಸಿರು; ಎಲೆ ಕಹಿ, ಅಂಟು. ಆಡು ಕುರಿ ಸುಲಭವಾಗಿ ಬಾಯಿ ಹಾಕವು.

ಕಂದುಬಣ್ಣಕ್ಕೆ ತಿರುಗಿದ ರೆಕ್ಕೆಕಾಯಿ ಉಜ್ಜಿ ಬೀಜ ಬಿಡಿಸಿ. ಬಿತ್ತುವ ಹಿಂದಿನ ರಾತ್ರಿ, ಕುದಿಸಿ ಇಳಿಸಿದ ನೀರಿಗೆ ಹಾಕಿಡಿ. ಗಟ್ಟಿ ಸಿಪ್ಪೆ ಮೆತ್ತಗಾಗುತ್ತೆ. ಮುಂಗಾರಿನ ಹದದಲ್ಲಿ ಅಡಿ ಅಂತರದ ಎರಡು ಸಾಲು ಬಿತ್ತಿ, ತೆಳ್ಳಗೆ ಮಣ್ಣು ಮುಚ್ಚಿ. ಮೊಣಕಾಲುದ್ದ ಬಂದಾಗ ತುದಿ ಕತ್ತರಿಸಿ. ಹಾಗೇ ಬಿಟ್ರೆ ಬುಡ ಬಯಲಾಗುತ್ತೆ, ಮರಿ ನುಸುಳೋಕೆ ಅಷ್ಟೇ ಸಾಕು. ಬೇಲಿ ಕೂಡಿಕೊಳ್ಳುವ ತನಕ ಹಳೇ ಮುಳ್ಳು ಜೊತೆಗಿರಲಿ. ಆಮೇಲೆ ವರ್ಷಕ್ಕೊಮ್ಮೆ ಸವರಿ: ಸೊಪ್ಪು ಗದ್ದೆಗೆ ಗೊಬ್ಬರ, ಕಡ್ಡಿ ಒಲೆಗೆ ಸೌದೆ.