ಗಂಡನೇ ತಂದೆ: ಇಂಗ್ಲೆಂಡಿನ ಕುಲೀನ ಮನೆತನಗಳ ವಾರಸಿನ ಜಗಳಗಳು

16 ಮತ್ತು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಒಬ್ಬ ಅರ್ಲ್ ಅಥವಾ ವೈಕೌಂಟ್ ತೀರಿಕೊಂಡರೆ ಅವನ ಪದವಿಯೂ ಬಹುಪಾಲು ಭೂಮಿಯೂ ಹಿರಿಯ ಮಗನೊಬ್ಬನಿಗೇ ಹೋಗುತ್ತಿದ್ದವು. ಕಿರಿಯ ಗಂಡುಮಕ್ಕಳಿಗೆ ಒಂದಿಷ್ಟು ವರ್ಷಾಶನ, ಹೆಣ್ಣುಮಕ್ಕಳಿಗೆ ವರದಕ್ಷಿಣೆ, ವಿಧವೆಗೆ ಜೀವನಾಂಶವಾಗಿ ಬಿಟ್ಟ ಕೆಲವು ಊರುಗಳ ಹುಟ್ಟುವಳಿ. ಮಕ್ಕಳೆಲ್ಲ ಪಾಲು ಮಾಡಿಕೊಳ್ಳುವ ಪದ್ಧತಿ ಕುಲೀನರಲ್ಲಿ ಇರಲಿಲ್ಲವೆಂದೇ ಹೇಳಬಹುದು. ಮಗನಿಲ್ಲದಿದ್ದರೆ ತಮ್ಮ, ತಮ್ಮನಿಲ್ಲದಿದ್ದರೆ ಅಣ್ಣತಮ್ಮಂದಿರ ಮಕ್ಕಳು. ಹೀಗಾಗಿ ದೊಡ್ಡ ಮನೆಯಲ್ಲಿ ಹುಟ್ಟಿದ ಮೊದಲ ಗಂಡುಮಗು ಯಾರೋ ಒಬ್ಬ ದಾಯಾದಿಯ ಬಾಯಿಗೆ ಬಂದ ತುತ್ತನ್ನು ಕಸಿಯುತ್ತಿತ್ತು. ಆ ಮಗು ನಿಜಕ್ಕೂ ಯಜಮಾನನದೇ ಎಂಬ ಪ್ರಶ್ನೆ ಎತ್ತಲು ಹಣ, ಹಗೆ, ಬಿಡುವು ಮೂರೂ ಇದ್ದವರಿಗೆ ಕೊರತೆಯಿರಲಿಲ್ಲ.

ಔರಸ ಪುತ್ರನೆನಿಸಿಕೊಳ್ಳಲು ಎರಡು ವಿಷಯ ರುಜುವಾಗಬೇಕಿತ್ತು. ತಂದೆತಾಯಿಯ ಮದುವೆ ಊರ್ಜಿತವಾಗಿರಬೇಕು. ಮಗು ಆ ಮದುವೆಯೊಳಗೆ ಹುಟ್ಟಿರಬೇಕು. ಮಗು ಹುಟ್ಟಿದ ಮೇಲೆ ಅದರ ತಂದೆತಾಯಿ ಮದುವೆಯಾದರೆ ಚರ್ಚಿನ ಕಾನೂನು ಅದನ್ನು ಔರಸವೆಂದೇ ಒಪ್ಪುತ್ತಿತ್ತು. ಇಂಗ್ಲೆಂಡಿನ ನಾಡಕಾನೂನು ಒಪ್ಪುತ್ತಿರಲಿಲ್ಲ. 1236ರಲ್ಲಿ ಮರ್ಟನ್‌ನಲ್ಲಿ ಸೇರಿದ ಸಭೆಯಲ್ಲಿ ಬಿಷಪ್ಪರು ಚರ್ಚಿನ ನಿಯಮವನ್ನೇ ಭೂಮಿಯ ವಾರಸಿಗೂ ಅನ್ವಯಿಸಬೇಕೆಂದು ಕೇಳಿದಾಗ, ದೇಶದ ಕಾನೂನನ್ನು ಬದಲಿಸಲೊಲ್ಲೆವೆಂದು ಬ್ಯಾರನ್ನರು ಖಂಡತುಂಡವಾಗಿ ಹೇಳಿದರು. ಆ ನಿರಾಕರಣೆ ಏಳು ಶತಮಾನ ಬಾಳಿತು. 1926ರ ಕಾಯಿದೆ ಇಂಥ ಮಕ್ಕಳಿಗೆ ಔರಸ ಸ್ಥಾನ ಕೊಟ್ಟಾಗಲೂ ಕುಲೀನ ಪದವಿಗಳನ್ನು ಮಾತ್ರ ಹೊರಗಿಟ್ಟಿತು.

ಮದುವೆ ನಡೆದಿದೆಯೇ ಇಲ್ಲವೇ ಎಂದು ಹೇಳುವುದೇ ಆಗ ಕಷ್ಟವಾಗಿತ್ತು. ಈ ಕ್ಷಣದಿಂದ ನೀನು ನನ್ನ ಹೆಂಡತಿ, ನೀನು ನನ್ನ ಗಂಡ ಎಂದು ಇಬ್ಬರೂ ವಚನ ಕೊಟ್ಟುಕೊಂಡರೆ ಚರ್ಚಿನ ದೃಷ್ಟಿಯಲ್ಲಿ ಅದು ಬಿಡಿಸಲಾಗದ ಬಂಧನ. ಪುರೋಹಿತ, ದಾಖಲೆ, ಸಾಕ್ಷಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಬಂಧನವೇ. ಈ ಸಡಿಲಿಕೆ 1754ರಲ್ಲಿ ಹಾರ್ಡ್‌ವಿಕ್ ಕಾಯಿದೆ ಜಾರಿಯಾಗುವವರೆಗೂ ಉಳಿಯಿತು. ಅಲ್ಲಿಯವರೆಗೆ ಗುಟ್ಟಿನ ಮದುವೆಗಳು ಪ್ರೇಮಿಗಳಿಗೆ ಅನುಕೂಲ, ಅವರ ಮಕ್ಕಳಿಗೆ ಶಾಪ.

ಕ್ಯಾಥರೀನ್ ಗ್ರೇಯ ಕಥೆ ಇದಕ್ಕೆ ಸಾಕ್ಷಿ. ಎಂಟನೇ ಹೆನ್ರಿಯ ತಂಗಿಯ ಮೊಮ್ಮಗಳಾದ ಈಕೆ ರಾಣಿ ಎಲಿಜಬೆತ್‌ಳ ನಂತರ ಸಿಂಹಾಸನಕ್ಕೆ ಹಕ್ಕುಳ್ಳವಳೆಂದು ಹಲವರು ಎಣಿಸಿದ್ದರು. 1560ರ ಡಿಸೆಂಬರಿನಲ್ಲಿ ಆಕೆ ಹರ್ಟ್‌ಫರ್ಡ್‌ನ ಅರ್ಲ್ ಎಡ್ವರ್ಡ್ ಸೀಮೋರ್‌ನನ್ನು ರಾಣಿಗೆ ತಿಳಿಯದಂತೆ ವರಿಸಿದಳು. ಏಕೈಕ ಸಾಕ್ಷಿಯಾಗಿದ್ದ ವರನ ತಂಗಿ ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಮಂತ್ರ ಹೇಳಿದ ಪಾದ್ರಿ ಯಾರೆಂದು ವಧೂವರರಿಗೇ ಗೊತ್ತಿರಲಿಲ್ಲ. ಗಂಡ ಬರೆದುಕೊಟ್ಟ ಪತ್ರ ಆಕೆಯಿಂದ ಕಳೆದುಹೋಯಿತು. 1561ರ ಸೆಪ್ಟೆಂಬರಿನಲ್ಲಿ ಲಂಡನ್ ಟವರ್ ಸೆರೆಮನೆಯಲ್ಲಿ ಗಂಡುಮಗು ಹುಟ್ಟಿತು. ಮರುವರ್ಷ ಆರ್ಚ್‌ಬಿಷಪ್ ಪಾರ್ಕರ್ ನೇತೃತ್ವದ ಮಂಡಳಿ ಮದುವೆಯೇ ನಡೆದಿಲ್ಲವೆಂದು ತೀರ್ಮಾನಿಸಿತು. ಕಾವಲಿನ ನಡುವೆಯೂ ಗಂಡಹೆಂಡತಿ ಭೇಟಿಯಾಗಿ 1563ರಲ್ಲಿ ಇನ್ನೊಂದು ಮಗು ಹುಟ್ಟಿದಾಗ ಹರ್ಟ್‌ಫರ್ಡ್‌ಗೆ 15,000 ಪೌಂಡ್ ದಂಡ ಬಿತ್ತು. ಈ ಮಕ್ಕಳ ತಂದೆ ಯಾರೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೂ ಅವರು ಕಾನೂನಿನ ಕಣ್ಣಿಗೆ ತಂದೆಯಿಲ್ಲದವರು.

ಎಲಿಜಬೆತ್‌ಳ ಅಚ್ಚುಮೆಚ್ಚಿನ ಲೆಸ್ಟರ್‌ನ ಅರ್ಲ್ ರಾಬರ್ಟ್ ಡಡ್ಲಿಯ ಮಗನದೂ ಇದೇ ಪಾಡು. 1574ರಲ್ಲಿ ಡಗ್ಲಸ್ ಶೆಫೀಲ್ಡ್ ಎಂಬ ವಿಧವೆಯಲ್ಲಿ ಹುಟ್ಟಿದ ಈ ಮಗನಿಗೂ ರಾಬರ್ಟ್ ಡಡ್ಲಿ ಎಂದೇ ಹೆಸರು. ತಂದೆ ಅವನನ್ನು ಪ್ರೀತಿಯಿಂದ ಬೆಳೆಸಿದ. ಉಯಿಲಿನಲ್ಲಿ ಮಾತ್ರ ಮದುವೆಯಾಚೆಗಿನ ಮಗನೆಂದೇ ಬರೆದು, ತನ್ನ ತಮ್ಮನ ಕಾಲಾನಂತರ ಕೆನಿಲ್‌ವರ್ತ್ ಕೋಟೆ ಅವನಿಗೆ ಸಲ್ಲಲಿ ಎಂದ. ಭೂಮಿಯನ್ನು ಉಯಿಲಿನಿಂದ ಯಾರಿಗೆ ಬೇಕಾದರೂ ಬಿಡಬಹುದಿತ್ತು, ಪದವಿಯನ್ನು ಬಿಡಲಾಗುತ್ತಿರಲಿಲ್ಲ. ಮಗ ಅಷ್ಟಕ್ಕೆ ತೃಪ್ತನಾಗದೆ, 1573ರಲ್ಲಿ ಈಷರ್‌ನಲ್ಲಿ ತಂದೆತಾಯಿ ಗುಟ್ಟಾಗಿ ಮದುವೆಯಾಗಿದ್ದರೆಂದು ಸಾಧಿಸಲು ಹೊರಟ. ಲೆಸ್ಟರ್ ಬದುಕಿರುವಾಗಲೇ ತಾಯಿ ಇನ್ನೊಬ್ಬನನ್ನು ಮದುವೆಯಾಗಿದ್ದುದು ಅವನ ವಾದಕ್ಕೆ ಮುಳುವಾಯಿತು. 1605ರಲ್ಲಿ ಸ್ಟಾರ್ ಚೇಂಬರ್ ನ್ಯಾಯಾಲಯ ಅವನ ವಿರುದ್ಧ ತೀರ್ಪಿತ್ತು ಸಾಕ್ಷ್ಯಪತ್ರಗಳಿಗೆ ಮುದ್ರೆ ಹಾಕಿಸಿತು. ಅದೇ ವರ್ಷ ಅವನು ಹೆಂಡತಿಯನ್ನು ಬಿಟ್ಟು ಪ್ರೇಯಸಿಯೊಡನೆ ದೇಶ ತೊರೆದ. ಮುಂದೆ ಫ್ಲಾರೆನ್ಸ್‌ನಲ್ಲಿ ನೆಲೆಸಿ, ಸಮುದ್ರಯಾನದ ಬಗ್ಗೆ ಇಟಾಲಿಯನ್ ಭಾಷೆಯಲ್ಲಿ ದೊಡ್ಡ ನಕಾಶೆ ಗ್ರಂಥವನ್ನೇ ಪ್ರಕಟಿಸಿದ.

ಮದುವೆ ಊರ್ಜಿತವೆಂದಾದರೆ ಎರಡನೆಯ ಪ್ರಶ್ನೆಗೆ ಕಾನೂನಿನ ಉತ್ತರ ಬಿಗಿಯಾಗಿತ್ತು: ಹೆಂಡತಿಯ ಮಗುವಿಗೆ ಗಂಡನೇ ತಂದೆ. ಅವಳು ಯಾರೊಡನೆ ಸಂಸಾರ ಮಾಡುತ್ತಿದ್ದಾಳೆಂಬುದು ಲೆಕ್ಕಕ್ಕಿಲ್ಲ. ಗಂಡ ಇಂಗ್ಲೆಂಡನ್ನು ಸುತ್ತುವರಿದ ನಾಲ್ಕು ಕಡಲುಗಳ ಒಳಗೆ ಇದ್ದರೆ ಸಾಕು. ಅವನು ಷಂಡನೆಂದು ಸಿದ್ಧವಾಗದ ಹೊರತು ಬೇರೆ ಪುರಾವೆಗೆ ಅವಕಾಶವಿಲ್ಲ. ಮೇಲ್ನೋಟಕ್ಕೆ ಇದು ಹುಚ್ಚು ನಿಯಮ. ರಕ್ತಪರೀಕ್ಷೆ ಕನಸಿನಲ್ಲೂ ಇಲ್ಲದ ಕಾಲದಲ್ಲಿ ಅದಕ್ಕೆ ತನ್ನದೇ ವಿವೇಕವಿತ್ತು. ದಾಸಿಯರನ್ನೂ ಸೂಲಗಿತ್ತಿಯರನ್ನೂ ಕಟಕಟೆಗೆ ತಂದು ಮಲಗುವ ಕೋಣೆಯ ಇತಿಹಾಸ ಕೆದಕಲು ಬಿಟ್ಟರೆ ಯಾವ ಆಸ್ತಿಯೂ ಭದ್ರವಲ್ಲ ಎಂಬುದು ವಕೀಲರ ಭಯ.

ಈ ನಿಯಮವನ್ನು 1628ರ ತನ್ನ ಗ್ರಂಥದಲ್ಲಿ ನಿಖರವಾಗಿ ಬರೆದಿಟ್ಟವನು ನ್ಯಾಯಾಧೀಶ ಸರ್ ಎಡ್ವರ್ಡ್ ಕೋಕ್. ಅವನ ಮನೆಯಲ್ಲೇ ಅದರ ಉದಾಹರಣೆ ನಡೆದಾಡುತ್ತಿತ್ತು. ದೊರೆ ಜೇಮ್ಸ್‌ನ ಕೃಪೆ ಮರಳಿ ಗಳಿಸಲು ಕೋಕ್ 1617ರಲ್ಲಿ ಮಗಳು ಫ್ರಾನ್ಸಿಸ್‌ಳನ್ನು, ಆಕೆಯ ಮತ್ತು ತಾಯಿಯ ವಿರೋಧ ಲೆಕ್ಕಿಸದೆ, ದೊರೆಯ ಅಚ್ಚುಮೆಚ್ಚಿನ ಬಕಿಂಗ್‌ಹ್ಯಾಮ್‌ನ ಅಣ್ಣ ಜಾನ್ ವಿಲಿಯರ್ಸ್‌ಗೆ ಕೊಟ್ಟಿದ್ದ. ತಾಯಿ ಬಚ್ಚಿಟ್ಟ ಹುಡುಗಿಯನ್ನು ಬಾಗಿಲು ಒಡೆಸಿ ಎಳೆತಂದ ಮದುವೆ ಅದು. ಪರ್ಬೆಕ್‌ನ ವೈಕೌಂಟ್ ಆದ ಅಳಿಯನಿಗೆ ಕೆಲವೇ ವರ್ಷಗಳಲ್ಲಿ ಬುದ್ಧಿಭ್ರಮಣೆಯಾಯಿತು. ಫ್ರಾನ್ಸಿಸ್ ಸರ್ ರಾಬರ್ಟ್ ಹೋವರ್ಡ್‌ನ ಸಂಗ ಸೇರಿದಳು. 1624ರಲ್ಲಿ ಗುಟ್ಟಾಗಿ ಹೆತ್ತ ಮಗನಿಗೆ ರಾಬರ್ಟ್ ರೈಟ್ ಎಂಬ ಸುಳ್ಳು ಹೆಸರಿನಲ್ಲಿ ದೀಕ್ಷಾಸ್ನಾನವಾಯಿತು. ಅಣ್ಣನಿಗೆ ಮಕ್ಕಳಾಗದಿದ್ದರೆ ವಾರಸು ತನ್ನ ಕಡೆಗೆ ಬರುವುದೆಂದು ಕಾದಿದ್ದ ಬಕಿಂಗ್‌ಹ್ಯಾಮ್ ಆಕೆಯ ಮೇಲೆ ವ್ಯಭಿಚಾರದ ಮೊಕದ್ದಮೆ ಹೂಡಿಸಿದ. ಬಿಳಿ ಬಟ್ಟೆ ಹೊದ್ದು ಬರಿಗಾಲಲ್ಲಿ ಚರ್ಚಿನಲ್ಲಿ ಪ್ರಾಯಶ್ಚಿತ್ತ ಮಾಡಬೇಕೆಂದು 1627ರಲ್ಲಿ ತೀರ್ಪಾಯಿತು, ಆಕೆ ತಪ್ಪಿಸಿಕೊಂಡಳು. ಆದರೆ ತಾಯಿ ತಪ್ಪಿತಸ್ಥೆಯಾದ ಮಾತ್ರಕ್ಕೆ ಮಗ ಅನೌರಸನಾಗಲಿಲ್ಲ. ಗಂಡ ನಾಲ್ಕು ಕಡಲೊಳಗೇ ಇದ್ದನಲ್ಲ! ದೊಡ್ಡವನಾದ ಮೇಲೆ ಆ ಮಗ ವಿಲಿಯರ್ಸ್ ಹೆಸರನ್ನೇ ಹೇಸಿ ಹೆಂಡತಿಯ ಮನೆತನದ ಡ್ಯಾನ್ವರ್ಸ್ ಹೆಸರಿಟ್ಟುಕೊಂಡ, 1660ರಲ್ಲಿ ಪದವಿಯನ್ನೂ ರಾಜನಿಗೆ ಬರೆದೊಪ್ಪಿಸಿದ. ಅವನ ಮಗ ಅದನ್ನು ಮರಳಿ ಕೇಳಿದಾಗ, ಕುಲೀನ ಪದವಿಯನ್ನು ಹಾಗೆ ಬಿಟ್ಟುಕೊಡಲು ಯಾರಿಗೂ ಅಧಿಕಾರವಿಲ್ಲವೆಂದು ಲಾರ್ಡ್ಸ್ ಸಭೆ 1678ರಲ್ಲಿ ನಿರ್ಣಯಿಸಿತು. ಆದರೂ ಆ ಮನೆತನಕ್ಕೆ ಪದವಿ ದಕ್ಕಲಿಲ್ಲ.

ಈ ಎಲ್ಲ ವ್ಯಾಜ್ಯಗಳಲ್ಲಿ ದೀರ್ಘಾಯುಷಿ ಬ್ಯಾನ್‌ಬರಿ ಪ್ರಕರಣ. ಸರ್ ವಿಲಿಯಂ ನೋಲಿಸ್ ಎಲಿಜಬೆತ್ ಮತ್ತು ಜೇಮ್ಸ್ ಇಬ್ಬರ ಆಸ್ಥಾನದಲ್ಲೂ ಹಿರಿಯ ಅಧಿಕಾರಿ. ಅಪ್ರಾಪ್ತ ವಾರಸುದಾರರ ಆಸ್ತಿ ನೋಡಿಕೊಳ್ಳುವ ನ್ಯಾಯಾಲಯಕ್ಕೆ ಕೆಲವು ವರ್ಷ ಮುಖ್ಯಸ್ಥನೂ ಆಗಿದ್ದ; ಮುಂದೆ ಅವನದೇ ವಾರಸು ಎರಡು ಶತಮಾನ ನ್ಯಾಯಾಲಯ ಸುತ್ತಿತು. 1605ರ ಡಿಸೆಂಬರಿನಲ್ಲಿ, ಮೊದಲ ಹೆಂಡತಿ ತೀರಿದ ಎರಡೇ ತಿಂಗಳಿಗೆ, ಸುಮಾರು 60ರ ಈತ 19ರ ಎಲಿಜಬೆತ್ ಹೋವರ್ಡ್‌ಳನ್ನು ಮದುವೆಯಾದ. ಆಕೆ ಫ್ರಾನ್ಸಿಸ್ ಕೋಕ್‌ಳ ಪ್ರಿಯಕರ ರಾಬರ್ಟ್ ಹೋವರ್ಡ್‌ನ ಅಕ್ಕ. ಆಸ್ಥಾನದ ಜಗತ್ತು ಅಷ್ಟು ಚಿಕ್ಕದು. ಆ ವರ್ಷ ಆಕೆಗೆ ಮೊದಲು ಗೊತ್ತುಮಾಡಲು ಹೊರಟಿದ್ದ ವರ ಹ್ಯಾರೋಡನ್‌ನ ಕ್ಯಾಥೊಲಿಕ್ ಜಮೀನ್ದಾರ ಎಡ್ವರ್ಡ್, ಲಾರ್ಡ್ ವಾಕ್ಸ್. ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸುವ ಸಂಚು ನವೆಂಬರಿನಲ್ಲಿ ಬಯಲಾಗಿ ಕ್ಯಾಥೊಲಿಕ್ ಮನೆಗಳ ಮೇಲೆಲ್ಲ ಅನುಮಾನ ಬಿದ್ದಾಗ ಆ ಸಂಬಂಧ ಮುರಿದಿತ್ತು.

1626ರಲ್ಲಿ ನೋಲಿಸ್ ಬ್ಯಾನ್‌ಬರಿಯ ಅರ್ಲ್ ಆದ. 1627ರ ಏಪ್ರಿಲ್‌ನಲ್ಲಿ, ಅವನು 80ರ ಆಸುಪಾಸಿನಲ್ಲಿರುವಾಗ, ಹೆಂಡತಿ ಎಡ್ವರ್ಡ್ ಎಂಬ ಮಗನನ್ನು ಹೆತ್ತಳು. 1631ರ ಜನವರಿಯಲ್ಲಿ ಎರಡನೆಯ ಮಗ ನಿಕೋಲಸ್ ಹುಟ್ಟಿದ್ದು ಹ್ಯಾರೋಡನ್‌ನಲ್ಲಿ, ಅಂದರೆ ಲಾರ್ಡ್ ವಾಕ್ಸ್‌ನ ಮನೆಯಲ್ಲೇ. ಮುದುಕನಿಗೆ ಈ ಮಕ್ಕಳ ವಿಷಯ ಗೊತ್ತಿತ್ತೇ? 1628ರಲ್ಲಿ ಲಾರ್ಡ್ಸ್ ಸಭೆಯಲ್ಲಿ ಅವನ ಆಸನದ ಅಗ್ರತೆಯ ಚರ್ಚೆ ನಡೆದಾಗ, ಅವನು ವೃದ್ಧ, ಮಕ್ಕಳಿಲ್ಲದವನು, ಆದ್ದರಿಂದ ವಿನಾಯಿತಿ ಕೊಡಬಹುದು ಎಂಬ ಕಾರಣ ದಾಖಲಾಯಿತು. ಆಗ ಎಡ್ವರ್ಡ್‌ಗೆ ವರ್ಷದ ಹತ್ತಿರ. 1632ರ ಮೇ ತಿಂಗಳಲ್ಲಿ ಅರ್ಲ್ ಸತ್ತ. ಉಯಿಲಿನಲ್ಲಿ ಮಕ್ಕಳ ಪ್ರಸ್ತಾಪವೇ ಇರಲಿಲ್ಲ. ಕೆಲವೇ ವಾರಗಳಲ್ಲಿ ವಿಧವೆ ಲಾರ್ಡ್ ವಾಕ್ಸ್‌ನನ್ನು ಮದುವೆಯಾದಳು.

ಸತ್ತವನ ಭೂಮಿಯ ಬಗ್ಗೆ ಪಂಚರು ನಡೆಸುವ ವಿಚಾರಣೆ 1633ರಲ್ಲಿ ಬರ್ಫರ್ಡ್‌ನಲ್ಲಿ ನಡೆದು, ಅರ್ಲ್ ಗಂಡು ಸಂತಾನವಿಲ್ಲದೆ ಸತ್ತನೆಂದಿತು. 1641ರಲ್ಲಿ ಆಬಿಂಗ್ಡನ್‌ನಲ್ಲಿ ನಡೆದ ಎರಡನೆಯ ವಿಚಾರಣೆ ಎಡ್ವರ್ಡನೇ ಮಗ, ಅವನೇ ವಾರಸುದಾರ ಎಂದಿತು. ಎಡ್ವರ್ಡ್ ಹದಿಹರೆಯ ದಾಟುವ ಮುನ್ನವೇ ಫ್ರಾನ್ಸಿನ ಕ್ಯಾಲೆ ಬಳಿ ಜಗಳವೊಂದರಲ್ಲಿ ಸತ್ತು, ಹಕ್ಕು ನಿಕೋಲಸ್‌ಗೆ ಬಂತು. ಲಾರ್ಡ್ ವಾಕ್ಸ್ ತನ್ನ ಜಮೀನನ್ನೆಲ್ಲ ಈ ನಿಕೋಲಸ್‌ಗೆ ಬರೆದುಕೊಟ್ಟ. 1646ರ ಆ ಪತ್ರದಲ್ಲಿ ಅವನನ್ನು ಬ್ಯಾನ್‌ಬರಿಯ ಅರ್ಲ್ ಎಂದು ಕರೆದು, ಹಿಂದೆ ಇವನು ನಿಕೋಲಸ್ ವಾಕ್ಸ್ ಎನಿಸಿಕೊಂಡಿದ್ದ ಎಂದೂ ಸೇರಿಸಲಾಗಿತ್ತು. ವಕೀಲನೊಬ್ಬ ಇದಕ್ಕಿಂತ ಅನಾಹುತದ ಸಾಲು ಬರೆಯುವುದು ಕಷ್ಟ. ಕೊನೆಗೆ ವಾಕ್ಸ್‌ನ ಜಮೀನು ನಿಕೋಲಸ್‌ಗೂ ಬ್ಯಾರನ್ ಪದವಿ ವಾಕ್ಸ್‌ನ ತಮ್ಮನಿಗೂ ಹೋದವು.

1660ರಲ್ಲಿ ನಿಕೋಲಸ್ ಅರ್ಲ್ ಆಗಿ ಲಾರ್ಡ್ಸ್ ಸಭೆಯಲ್ಲಿ ಕೂತ. ಮರುವರ್ಷದ ಪಾರ್ಲಿಮೆಂಟಿಗೆ ಅವನಿಗೆ ಕರೆ ಬರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅವನು ಔರಸನೇ ಎಂದು ಸಭೆಯ ಸಮಿತಿ ವರದಿ ಕೊಟ್ಟಿತು. ಸಭೆ ಅದನ್ನು ಒಪ್ಪಲಿಲ್ಲ. ಅವನನ್ನು ಅನೌರಸನೆಂದು ಸಾರುವ ಮಸೂದೆಯೊಂದನ್ನು ತಂದು, ಒಮ್ಮೆ ಓದಿ ಬಿಟ್ಟುಬಿಟ್ಟರು. ಕಾನೂನು ಪಾಲಿಸಲು ಮನಸ್ಸಿಲ್ಲ, ಮುರಿಯಲು ಧೈರ್ಯವಿಲ್ಲ. ನಿಕೋಲಸ್‌ನ ಮಗ ಚಾರ್ಲ್ಸ್ 1692ರಲ್ಲಿ ದ್ವಂದ್ವಯುದ್ಧದಲ್ಲಿ ಭಾವಮೈದುನನನ್ನು ಕೊಂದ. ಕುಲೀನರ ವಿಚಾರಣೆ ಕುಲೀನರೇ ನಡೆಸಬೇಕು, ಹಾಗಾಗಿ ತನ್ನನ್ನು ಲಾರ್ಡ್ಸ್ ಸಭೆಯೇ ವಿಚಾರಿಸಲಿ ಎಂದ. ನೀನು ಅರ್ಲ್ ಅಲ್ಲ ಎಂದಿತು ಸಭೆ. ಪ್ರಕರಣ ಸಾಮಾನ್ಯ ನ್ಯಾಯಾಲಯಕ್ಕೆ ಬಂದಾಗ ಮುಖ್ಯ ನ್ಯಾಯಾಧೀಶ ಜಾನ್ ಹೋಲ್ಟ್, ಆರೋಪಿ ಅರ್ಲ್ ಆಗಿರುವಾಗ ಬರೀ ಚಾರ್ಲ್ಸ್ ನೋಲಿಸ್ ಎಂದು ಬರೆದ ಆರೋಪಪಟ್ಟಿ ನಿಲ್ಲದೆಂದು ಅದನ್ನು ವಜಾ ಮಾಡಿದ. ಸಿಟ್ಟಾದ ಲಾರ್ಡ್ಸ್ ಸಭೆ ಕಾರಣ ಕೇಳಿದರೆ ಹೋಲ್ಟ್ ಕೊಡಲೊಪ್ಪಲಿಲ್ಲ. ಕೊಲೆಯ ಆರೋಪ ಮಾತ್ರ ಈ ಎಳೆದಾಟದಲ್ಲಿ ಬಿದ್ದುಹೋಯಿತು.

ಸಂಶಯವನ್ನು ಪಾರ್ಲಿಮೆಂಟಿನ ಕಾಯಿದೆಯಿಂದಲೇ ತೊಡೆದುಹಾಕುವ ದಾರಿಯೂ ಒಂದಿತ್ತು. ರಟ್ಲೆಂಡ್ ಅರ್ಲ್‌ನ ವಾರಸುದಾರ ಲಾರ್ಡ್ ರೂಸ್ ಅದನ್ನೇ ಹಿಡಿದ. ಹೆಂಡತಿ ಆ್ಯನ್ ಪಿಯರ್‌ಪಾಂಟ್‌ಳ ಮಗು ತನ್ನದಲ್ಲವೆಂದ ಅವನ ಮನೆಯವರು ಅದಕ್ಕೆ 'ಅಜ್ಞಾತ' ಎಂಬ ಅರ್ಥದ ಇಗ್ನೋಟಸ್ ಎಂಬ ಲ್ಯಾಟಿನ್ ಹೆಸರಿಡಿಸಿದರು. ಹೆಸರಿನಲ್ಲೇ ತಕರಾರು ಅರ್ಜಿ. ಚರ್ಚಿನ ನ್ಯಾಯಾಲಯ ಗಂಡಹೆಂಡಿರು ಬೇರೆ ಬಾಳಲು ಅನುಮತಿ ಕೊಡಬಲ್ಲದಾಗಿತ್ತು, ಮರುಮದುವೆಗಲ್ಲ. 1667ರ ಕಾಯಿದೆ ಆ್ಯನ್‌ಳ ಮಕ್ಕಳನ್ನು ಅನೌರಸರೆಂದು ಸಾರಿತು. 1670ರ ಇನ್ನೊಂದು ಕಾಯಿದೆ ರೂಸ್‌ಗೆ ಮರುಮದುವೆಯ ಹಕ್ಕು ಕೊಟ್ಟಿತು. ಆ ಚರ್ಚೆ ಕೇಳಲು ಎರಡನೇ ಚಾರ್ಲ್ಸ್ ದೊರೆ ಸ್ವತಃ ಲಾರ್ಡ್ಸ್ ಸಭೆಗೆ ಬಂದು ಕೂರುತ್ತಿದ್ದ, ಇದು ನಾಟಕಕ್ಕಿಂತ ಸ್ವಾರಸ್ಯ ಎಂದನಂತೆ. ಅವನ ರಾಣಿಗೆ ಮಕ್ಕಳಿರಲಿಲ್ಲವಾದ್ದರಿಂದ ಆಸಕ್ತಿ ಬರೀ ಮನರಂಜನೆಯದಲ್ಲವೆಂದು ಎಲ್ಲರೂ ಊಹಿಸಿದರು. ರೂಸ್ ಹಾಕಿದ ಮೇಲ್ಪಂಕ್ತಿಯಲ್ಲಿ 1857ರವರೆಗೆ ಮುನ್ನೂರಕ್ಕೂ ಹೆಚ್ಚು ವಿಚ್ಛೇದನ ಕಾಯಿದೆಗಳು ಬಂದವು. ಹೆಚ್ಚುಕಡಿಮೆ ಎಲ್ಲವೂ ಹಣವುಳ್ಳ ಗಂಡಸರಿಗಾಗಿ. ಹೆಂಗಸರಿಗೆ ಸಿಕ್ಕವು ಬೆರಳೆಣಿಕೆಯಷ್ಟು.

ಬ್ಯಾನ್‌ಬರಿ ವ್ಯಾಜ್ಯ ಮತ್ತೆ ಎದ್ದದ್ದು 1806ರಲ್ಲಿ. ಸೇನೆಯಲ್ಲಿ ಅರ್ಲ್ ಎಂದೇ ಕರೆಸಿಕೊಳ್ಳುತ್ತಿದ್ದ ಜನರಲ್ ವಿಲಿಯಂ ನೋಲಿಸ್ ಅರ್ಜಿ ಹಾಕಿದ. ಅಷ್ಟರಲ್ಲಿ ನಾಲ್ಕು ಕಡಲಿನ ನಿಯಮ ಸಡಿಲಗೊಂಡಿತ್ತು. ಗಂಡಹೆಂಡಿರ ಸಂಪರ್ಕವೇ ನಡೆಯಲಿಲ್ಲವೆಂದು ಸಾಕ್ಷ್ಯದಿಂದ ತೋರಿಸಿದರೆ ಔರಸತ್ವದ ಊಹೆ ಬೀಳುತ್ತದೆಂದು ನ್ಯಾಯಾಧೀಶರು ಲಾರ್ಡ್ಸ್ ಸಭೆಗೆ ಅಭಿಪ್ರಾಯ ಕೊಟ್ಟರು. ಜನರಲ್‌ನ ಪರ ಲಾರ್ಡ್ ಅರ್ಸ್ಕಿನ್ ಬಲವಾಗಿ ವಾದಿಸಿದ. ಕಾನೂನು ಬಲ್ಲ ಲಾರ್ಡ್‌ಗಳಾದ ಎಲ್ಡನ್, ಎಲೆನ್‌ಬರೋ ವಿರುದ್ಧ ನಿಂತರು. 1813ರಲ್ಲಿ ಸಭೆ ಹಕ್ಕನ್ನು ತಳ್ಳಿಹಾಕಿತು. ಅರ್ಲ್ ತೀರಿ 181 ವರ್ಷವಾಗಿತ್ತು. ಹುಟ್ಟಿನ ಸಂಗತಿಗಳ ಬಗ್ಗೆ ಹೊಸದೇನೂ ತಿಳಿದಿರಲಿಲ್ಲ, ಬದಲಾದದ್ದು ಊಹೆಯ ತೂಕ. ಜನರಲ್‌ನ ಮೊಮ್ಮಗ ಫ್ರಾನ್ಸಿಸ್ ಮುಂದೆ ಏಳನೇ ಎಡ್ವರ್ಡ್ ದೊರೆಯ ಕಾರ್ಯದರ್ಶಿಯಾಗಿ, 1911ರಲ್ಲಿ ವೈಕೌಂಟ್ ನೋಲಿಸ್ ಎಂಬ ಹೊಸ ಪದವಿಯನ್ನೇ ಗಳಿಸಿದ.

ಬ್ರಿಟನ್ನಿನಲ್ಲಿ ಗಂಡನೇ ತಂದೆಯೆಂಬ ಊಹೆ ಈಗ ವಿಜ್ಞಾನಕ್ಕೆ ಮಣಿದಿದೆ. 2016ರಲ್ಲಿ ಸ್ಕಾಟ್ಲೆಂಡಿನ ಪ್ರಿಂಗಲ್ ಮನೆತನದ ಬ್ಯಾರೊನೆಟ್ ಪದವಿಯ ವಿವಾದದಲ್ಲಿ ಪ್ರಿವಿ ಕೌನ್ಸಿಲ್ ಡಿಎನ್‌ಎ ಸಾಕ್ಷ್ಯವನ್ನು ಒಪ್ಪಿಕೊಂಡು, ಪದವಿ ಮನೆತನದ ಇನ್ನೊಂದು ಕವಲಿಗೆ ಸಲ್ಲುತ್ತದೆಂದಿತು. ಆದರೆ ಅದೇ ಊಹೆಯ ಹಳೆಯ ರೂಪ ಭಾರತದಲ್ಲಿ ಉಳಿದುಕೊಂಡಿದೆ. 1872ರ ಸಾಕ್ಷ್ಯ ಕಾಯಿದೆಯ 112ನೇ ಕಲಮಿನ ಮೂಲಕ ಇಲ್ಲಿಗೆ ಬಂದ ಅದು 2024ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮಾಗಿದೆ. ಮದುವೆ ಊರ್ಜಿತದಲ್ಲಿರುವಾಗ, ಅಥವಾ ಅದು ಮುಗಿದ 280 ದಿನಗಳೊಳಗೆ ತಾಯಿ ಮರುಮದುವೆಯಾಗದಿರುವಾಗ, ಹುಟ್ಟಿದ ಮಗು ಗಂಡನ ಔರಸ ಸಂತಾನವೆಂಬುದಕ್ಕೆ ಅದೇ ನಿರ್ಣಾಯಕ ರುಜುವಾತು. ಆ ಅವಧಿಯಲ್ಲಿ ಗಂಡಹೆಂಡಿರಿಗೆ ಸಂಪರ್ಕದ ಅವಕಾಶವೇ ಇರಲಿಲ್ಲವೆಂದು ತೋರಿಸಿದರೆ ಮಾತ್ರ ವಿನಾಯಿತಿ. ಕರ್ನಾಟಕದ ನ್ಯಾಯಾಲಯಗಳೂ ಇಂಥ ಪ್ರಕರಣಗಳಲ್ಲಿ ಓದುವುದು ಈ ಕಲಮನ್ನೇ. ಡಿಎನ್‌ಎ ಎಂಬ ಪದ ಅದರಲ್ಲಿಲ್ಲ.