ಗಂಟೆ ಬಾರಿಸದ ಶಾಲೆ

ಶಾಲೆಯ ಗಂಟೆಯನ್ನು ಯಾರೂ ಪಾಠವೆಂದು ಎಣಿಸುವುದಿಲ್ಲ. ಜವಾನನು ಕಂಬಿಯ ತುಂಡಿನ ಮೇಲೆ ಬಡಿಯುವ ಆ ಸದ್ದು ಹುಡುಗನಿಗೆ ಗಣಿತವನ್ನು ಕಲಿಸದು, ಚರಿತ್ರೆಯನ್ನೂ ಕಲಿಸದು. ಆದರೂ ಹದಿನಾಲ್ಕು ವರ್ಷದ ಬಾಲಕನ ದಿನವನ್ನು ಭಾಗಗಳಾಗಿ ಮಾಡಿ, ಈಗ ಇದು, ಆಮೇಲೆ ಅದು ಎಂದು ಅವನ ಪರವಾಗಿ ನಿರ್ಣಯಿಸುವುದು ಅದೇ. ಮನೆಯಲ್ಲಿಯೇ ಕುಳಿತು ಕಂಪ್ಯೂಟರಿನ ಮೂಲಕ ಪ್ರೌಢಶಾಲೆಯ ವಿದ್ಯೆಯನ್ನು ಪಡೆಯುವ ಆನ್‌ಲೈನ್ ಶಾಲೆಯಲ್ಲಿ ಪಾಠವುಂಟು, ಪುಸ್ತಕವುಂಟು, ಅಧ್ಯಾಪಕರೂ ಉಂಟು. ಗಂಟೆಯೊಂದಿಲ್ಲ. ಬುದ್ಧಿಗೆ ಕೊರತೆಯಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಹಿಂದೆ ಬೀಳುವುದು ಈ ಒಂದು ಅಭಾವದಿಂದಲೇ.

ಕನ್ನಡನಾಡಿನ ತಾಯಿತಂದೆಯರಿಗೆ ಇದರ ರುಚಿ ಸ್ವಲ್ಪಮಟ್ಟಿಗೆ ತಿಳಿದಿದೆ. 2020ರ ಮಾರ್ಚಿ ತಿಂಗಳಲ್ಲಿ ಕೋವಿಡ್ ಪಿಡುಗಿನ ನಿಮಿತ್ತ ಶಾಲೆಗಳು ಮುಚ್ಚಿದವು. ಜುಲೈ ತಿಂಗಳಲ್ಲಿ ದೂರದರ್ಶನದ ಚಂದನ ವಾಹಿನಿಯು 8, 9 ಮತ್ತು 10ನೆಯ ತರಗತಿಗಳ ಪಾಠಗಳನ್ನು ಪ್ರಸಾರ ಮಾಡತೊಡಗಿತು. ನಗರಗಳ ಖಾಸಗಿ ಶಾಲೆಗಳು ಮೊಬೈಲ್ ಫೋನಿನ ಪರದೆಯ ಮೇಲೆ ತರಗತಿ ನಡೆಸಿದವು. ಹಾಜರಿ ಕೂಗಿದಾಗ ‘ಎಸ್ ಮಿಸ್’ ಎಂದು ಉತ್ತರವಿತ್ತು, ಕ್ಯಾಮೆರಾವನ್ನು ಮುಚ್ಚಿ, ಮರಳಿ ಹೊದಿಕೆಯೊಳಗೆ ಸೇರಿದ ಸುಪುತ್ರರು ಯಾವ ಬೀದಿಯಲ್ಲಿರಲಿಲ್ಲ! ಆದರೆ ಅದು ಆಪತ್ಕಾಲದ ಏರ್ಪಾಡು. ಅದೊಂದನ್ನೇ ನೋಡಿ ಈ ಬಗೆಯ ವಿದ್ಯೆಯೇ ವ್ಯರ್ಥವೆನ್ನುವುದು, ಪ್ರವಾಹದ ದಿನ ತೆಪ್ಪವೇರಿದವನು ನೌಕಾಯಾನವನ್ನೇ ಹಳಿದಂತೆ.

ಯೋಚಿಸಿ, ಆರಿಸಿ ಈ ದಾರಿಗೆ ಬರುವವರು ಬೇರೆಯೇ ಇದ್ದಾರೆ. ಬೆಳಗೂ ಬೈಗೂ ಈಜುಕೊಳದಲ್ಲಿ ಕಳೆಯುವ ಆಟಗಾರ್ತಿ, ದೀರ್ಘವಾದ ಕಾಯಿಲೆಯಿಂದ ತರಗತಿ ತಪ್ಪಿದವನು, ತಂದೆಯ ವರ್ಗಾವಣೆಯ ದೆಸೆಯಿಂದ ಮೂರು ವರ್ಷದಲ್ಲಿ ಮೂರು ಊರು ಕಂಡವಳು, ಸಹಪಾಠಿಗಳ ಕಾಟಕ್ಕೆ ಬೆದರಿ ಶಾಲೆಯ ಹೆಸರೆತ್ತಿದರೆ ಹೊಟ್ಟೆನೋವೆನ್ನುವವನು. ಇವರಿಗೆ ಇದು ಶೋಕಿಯಲ್ಲ. ಇಲ್ಲಿ ಸೋತರೆ ಅವರ ಕೈಬಿಡುವುದು ಒಂದು ಪರೀಕ್ಷೆಯಲ್ಲ, ಮರಳಿ ಬಾರದ ಒಂದೆರಡು ವರ್ಷಗಳು.

ಈ ಪ್ರಯೋಗವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ ದೇಶ ಅಮೆರಿಕ. 1997ರಲ್ಲಿ ಫ್ಲಾರಿಡಾ ಸಂಸ್ಥಾನದ ಆರೆಂಜ್ ಮತ್ತು ಅಲಾಚುವಾ ಕೌಂಟಿಗಳು ಕೂಡಿ ಆರಂಭಿಸಿದ ಆನ್‌ಲೈನ್ ಪ್ರೌಢಶಾಲೆ ಇಂದು ಫ್ಲಾರಿಡಾ ವರ್ಚುವಲ್ ಸ್ಕೂಲ್ ಎಂದು ಹೆಸರಾಗಿದೆ. ಅದು ಸಾರ್ವಜನಿಕ ಶಾಲೆ; ಸಂಸ್ಥಾನದ ಮಕ್ಕಳಿಗೆ ಶುಲ್ಕವಿಲ್ಲ. ಯಾವ ಹೊತ್ತಿನಲ್ಲಾದರೂ, ಯಾವ ಸ್ಥಳದಲ್ಲಾದರೂ, ಯಾವ ವೇಗದಲ್ಲಾದರೂ ಕಲಿಯಬಹುದೆಂಬುದು ಅದರ ಘೋಷಣೆ. ಆದರೆ ಶಾಲೆಯ ನಡವಳಿಕೆಯನ್ನು ನೋಡಿದರೆ, ಆ ಘೋಷಣೆಯನ್ನು ಅದು ತಾನೇ ಅಕ್ಷರಶಃ ನಂಬಿದಂತೆ ಕಾಣುವುದಿಲ್ಲ! ವಿದ್ಯಾರ್ಥಿಗೆ ವಾರವಾರವೂ ಎಷ್ಟು ಪಾಠ ಮುಗಿಯಬೇಕೆಂಬ ಪಟ್ಟಿಯೊಂದು ಸಿಗುತ್ತದೆ. ಮಗನ ಅಂಕಗಳನ್ನೂ ಬಾಕಿಯನ್ನೂ ನೋಡಲು ತಾಯಿತಂದೆಯರಿಗೆ ಬೇರೆಯೇ ಖಾತೆಯಿದೆ. ಪರದೆಯ ಮೇಲೆ ಉತ್ತರ ಬರೆದು ಕಳುಹಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಅಧ್ಯಾಪಕರು ವಿದ್ಯಾರ್ಥಿಯೊಡನೆ ಫೋನಿನಲ್ಲಿ ಮಾತನಾಡಿ, ‘ಇದನ್ನು ನಿನ್ನ ಮಾತಿನಲ್ಲಿ ಹೇಳು’ ಎಂದು ಪರೀಕ್ಷಿಸುವ ಪದ್ಧತಿಯುಂಟು. ನಕಲು ಮಾಡಿದ ಉತ್ತರ ಅಲ್ಲಿ ಎರಡು ನಿಮಿಷವೂ ನಿಲ್ಲದು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ವಿದ್ಯಾರ್ಥಿಯು ಪಠ್ಯವನ್ನು ಉತ್ತೀರ್ಣನಾಗಿ ಮುಗಿಸಿದರಷ್ಟೇ ಶಾಲೆಗೆ ಸರ್ಕಾರದ ಹಣ. ಹೆಸರು ನೋಂದಾಯಿಸಿ ಮಾಯವಾಗುವ ಹುಡುಗನನ್ನು ಹುಡುಕಿ ಹಿಡಿಯಲು ಇದಕ್ಕಿಂತ ಬಲವಾದ ಪ್ರೇರಣೆ ಬೇಕೆ?

ಎಲ್ಲ ಕಡೆಯೂ ಇಷ್ಟು ಎಚ್ಚರವಿರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರೆಡೋ ಸಂಶೋಧನಾ ಕೇಂದ್ರವು 2015ರಲ್ಲಿ ಅಮೆರಿಕದ ಪೂರ್ಣಾವಧಿ ಆನ್‌ಲೈನ್ ಚಾರ್ಟರ್ ಶಾಲೆಗಳನ್ನು ಕುರಿತ ವರದಿಯನ್ನು ಪ್ರಕಟಿಸಿತು. ಸರಿಸಮಾನರಾದ ಇತರ ವಿದ್ಯಾರ್ಥಿಗಳೊಡನೆ ಹೋಲಿಸಿದಾಗ, ಈ ಶಾಲೆಗಳ ಮಕ್ಕಳು ಒಂದು ವರ್ಷದಲ್ಲಿ ಓದಿನಲ್ಲಿ 72 ದಿನಗಳಷ್ಟು, ಗಣಿತದಲ್ಲಿ 180 ದಿನಗಳಷ್ಟು ಕಲಿಕೆಯನ್ನು ಕಳೆದುಕೊಂಡಿದ್ದರು. ಅಲ್ಲಿಯ ಶಾಲಾವರ್ಷವೇ 180 ದಿನ! ಗಣಿತದಲ್ಲಿ ವರ್ಷವಿಡೀ ಶಾಲೆಗೇ ಹೋಗದಿದ್ದಂತಾಯಿತು. ಅದೇ ಸಂದರ್ಭದಲ್ಲಿ ಮ್ಯಾಥಮ್ಯಾಟಿಕಾ ಸಂಸ್ಥೆಯು ನಡೆಸಿದ ವಿಚಾರಣೆಯಲ್ಲಿ ಕಾರಣದ ಸುಳಿವು ಸಿಕ್ಕಿತು. ಸಾಮಾನ್ಯ ಶಾಲೆಯ ವಿದ್ಯಾರ್ಥಿಗೆ ಒಂದು ದಿನದಲ್ಲಿ ದೊರೆಯುವಷ್ಟು ಅಧ್ಯಾಪಕರ ನೇರವಾದ ಪಾಠ ಇವರಿಗೆ ಒಂದು ವಾರದಲ್ಲಿಯೂ ದೊರೆಯುತ್ತಿರಲಿಲ್ಲ. ಮಕ್ಕಳ ಮನಸ್ಸನ್ನು ಪಾಠದಲ್ಲಿ ನಿಲ್ಲಿಸುವುದೇ ತಮ್ಮ ದೊಡ್ಡ ಕಷ್ಟವೆಂದು ಮುಖ್ಯೋಪಾಧ್ಯಾಯರು ಹೇಳಿದರು. ಉಳಿದ ಹೊರೆ ಮನೆಯವರ ಹೆಗಲಿಗೆ ಬಿದ್ದಿತ್ತು. ಬಿದ್ದಿದೆಯೆಂಬುದನ್ನು ಅವರಿಗೆ ಯಾರಾದರೂ ಸ್ಪಷ್ಟವಾಗಿ ಹೇಳಿದ್ದರೆ ಫಲಿತಾಂಶ ಇಷ್ಟು ಕೆಡುತ್ತಿರಲಿಲ್ಲವೇನೋ.

ಈ ಹೊರೆಯನ್ನು ಮೊದಲೇ ಅರಿತು, ಅದಕ್ಕೊಂದು ಹೆಸರನ್ನೇ ಕೊಟ್ಟ ಶಾಲೆ ಮಾತ್ರ ಬಹಳ ಹಿಂದಿನದು. ಆಗ ಕಂಪ್ಯೂಟರ್ ಮನೆಗಳಿಗೆ ಬಂದಿರಲಿಲ್ಲ.

ಮರುಭೂಮಿಯ ಪಾಠ

ಆಸ್ಟ್ರೇಲಿಯದ ನಟ್ಟನಡುವೆ ಇರುವ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ 1951ರ ಜೂನ್ ತಿಂಗಳಲ್ಲಿ ಆಕಾಶಶಾಲೆಯೊಂದು ತೆರೆಯಿತು. ದೂರದೂರದ ದನಗಾವಲುಗಳಲ್ಲಿ ಬೆಳೆಯುವ ಮಕ್ಕಳಿಗೆ ಶಾಲೆಯೆಂಬುದೇ ಇರಲಿಲ್ಲ. ವಿಮಾನದಲ್ಲಿ ರೋಗಿಗಳ ಬಳಿಗೆ ಹಾರುವ ವೈದ್ಯರ ಸಂಸ್ಥೆಯ ರೇಡಿಯೋ ಜಾಲವನ್ನೇ ಪಾಠಕ್ಕೂ ಬಳಸಬಹುದೆಂದು ಅಡಿಲೇಡ್ ಮೀತ್ಕೆ ಎಂಬ ಶಿಕ್ಷಣತಜ್ಞೆಗೆ ಹೊಳೆಯಿತು. ಇಂದು ರೇಡಿಯೋ ಹೋಗಿ ಉಪಗ್ರಹವೂ ಕಂಪ್ಯೂಟರೂ ಬಂದಿವೆ. ಒಂಬತ್ತನೆಯ ತರಗತಿಯವರೆಗೆ ಪಾಠ ನಡೆಯುತ್ತದೆ. ಈ ಒಂದು ಶಾಲೆಯ ವ್ಯಾಪ್ತಿ ಸುಮಾರು 13 ಲಕ್ಷ ಚದರ ಕಿಲೋಮೀಟರು, ಎಂದರೆ ಕರ್ನಾಟಕದ ಏಳರಷ್ಟು ಎನ್ನಬಹುದು.

ಅಲ್ಲಿ ಪ್ರತಿ ಮಗುವಿನ ಪಕ್ಕದಲ್ಲಿಯೂ ‘ಮನೆಯ ಬೋಧಕ’ರೊಬ್ಬರು ಇರಲೇಬೇಕು. ಹಲವು ಮನೆಗಳಲ್ಲಿ ಆಕೆ ತಾಯಿಯೇ. ಕೆಲವು ಕಡೆ ಅದಕ್ಕಾಗಿಯೇ ನೇಮಕವಾದ ತರುಣಿ. ಪಾಠ ಹೇಳುವವರು ದೂರದ ಅಧ್ಯಾಪಕರು. ಮಗುವನ್ನು ಹೊತ್ತಿಗೆ ಸರಿಯಾಗಿ ಕುಳ್ಳಿರಿಸಿ, ಬರೆದುದನ್ನು ನೋಡಿ, ಎಲ್ಲಿ ತೊಡಕಾಯಿತೆಂಬುದನ್ನು ಆ ಅಧ್ಯಾಪಕರಿಗೆ ತಿಳಿಸುವವರು ಇವರು. ಪ್ರತಿವರ್ಷ ಕೆಲವು ಕಾಲ ಮಕ್ಕಳೆಲ್ಲರೂ ಪಟ್ಟಣಕ್ಕೆ ಬಂದು ಒಂದೆಡೆ ಕಲೆಯುತ್ತಾರೆ. ಧ್ವನಿಯಿಂದಷ್ಟೇ ಪರಿಚಿತನಾದ ಗೆಳೆಯನ ಜೊತೆ ಆಗ ಚೆಂಡಾಡುತ್ತಾರೆ. ಯಂತ್ರ ಎಷ್ಟು ಬದಲಾದರೂ ಈ ಎರಡು ಏರ್ಪಾಡುಗಳನ್ನು ಅವರು ಕೈಬಿಟ್ಟಿಲ್ಲ.

ಪೋಲೀಸನೂ ಅಲ್ಲ, ಮೇಷ್ಟರೂ ಅಲ್ಲ

ಹಾಗಾದರೆ ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಎರಡು ಕೋಣೆಯ ಮನೆಯಲ್ಲಿರುವ ತಾಯಿ ಏನು ಮಾಡಬೇಕು? ಬೀಜಗಣಿತವನ್ನು ಆಕೆ ಮರೆತಿರಬಹುದು. ಅದರಿಂದ ನಷ್ಟವೇನೂ ಇಲ್ಲ. ಹದಿಹರೆಯದ ಮಗನಿಗೆ ಬೇಕಾದುದು ಇನ್ನೊಬ್ಬ ಮೇಷ್ಟರಲ್ಲ. ತಾನು ಇಂದು ಏನು ಮಾಡಿದೆನೆಂದು ಕೇಳುವ ಒಬ್ಬರು. ಪ್ರತಿ ಅರ್ಧ ಗಂಟೆಗೂ ಹಿಂದಿನಿಂದ ಬಂದು ಪರದೆಯನ್ನು ಇಣುಕುವ ತಂದೆ ಮಗನಿಗೆ ಕಲಿಸುವುದು ಒಂದೇ ವಿದ್ಯೆಯನ್ನು: ಕಿಟಕಿಯನ್ನು ಥಟ್ಟನೆ ಬದಲಾಯಿಸುವ ಚಾತುರ್ಯವನ್ನು. ಅದರ ಬದಲು ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಕುಳಿತರೆ ಸಾಕು. ಬೆಳಗ್ಗೆ ಅವನೇ ಇಂದಿನ ಮೂರು ಕೆಲಸಗಳನ್ನು ಕಾಗದದ ಮೇಲೆ ಬರೆಯಲಿ. ಸಂಜೆ ಅದೇ ಕಾಗದವನ್ನು ಮುಂದಿಟ್ಟುಕೊಂಡು ಮಾತು. ಒಂದು ಕೆಲಸ ಉಳಿದಿದ್ದರೆ ಗದರಿಕೆ ಬೇಡ; ನಾಳೆ ಅದು ಎಷ್ಟು ಹೊತ್ತಿಗೆ ಎಂಬ ಪ್ರಶ್ನೆ ಸಾಕು. ಎರಡು ವಾರ ಸತತವಾಗಿ ಉಳಿದಿದ್ದರೆ ಮಾತ್ರ ಅಧ್ಯಾಪಕರಿಗೆ ತಿಳಿಸಬೇಕು, ಅದೂ ಮಗನ ಎದುರಿನಲ್ಲಿಯೇ.

‘ಓದಿದೆಯಾ?’ ಎಂಬ ಪ್ರಶ್ನೆಯಂತೂ ನಿಷ್ಪ್ರಯೋಜಕ. ‘ಓದಿದೆ’ ಎಂದು ಹುಡುಗ ಹೇಳುವುದು ಎಷ್ಟೋ ಸಲ ನಿಜವೇ. ಓದಿದ್ದಾನೆ, ಆದರೆ ಉಳಿದಿಲ್ಲ. ಈ ವಿಷಯದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಿನಲ್ಲಿಡತಕ್ಕದ್ದು. ಸೂರ್ಯನನ್ನು ಕುರಿತು, ಕಡಲ ನೀರುನಾಯಿಯನ್ನು ಕುರಿತು ಚಿಕ್ಕ ಚಿಕ್ಕ ಪಾಠಗಳು. ಅವನ್ನು ಕಾಲೇಜು ವಿದ್ಯಾರ್ಥಿಗಳು ಒಂದು ಬಗೆಯಲ್ಲಿ ಎರಡು ಸಲ ಓದಿದರು. ಇನ್ನೊಂದು ಬಗೆಯಲ್ಲಿ ಒಮ್ಮೆ ಓದಿ, ಪುಟವನ್ನು ಬದಿಗಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ಮೇಲೆ ಕೇಳಿದಾಗ ಎರಡು ಸಲ ಓದಿದ್ದೇ ಮೇಲಾಗಿತ್ತು. ಒಂದು ವಾರದ ಮೇಲೆ ಲೆಕ್ಕ ತಿರುಗಿತು: ಎರಡು ಸಲ ಓದಿದ್ದರಲ್ಲಿ ಉಳಿದುದು ನೂರಕ್ಕೆ 42ರಷ್ಟು, ಓದಿ ಬರೆದುದರಲ್ಲಿ 56ರಷ್ಟು. ಪಾಠದ ವೀಡಿಯೋವನ್ನು ಮತ್ತೆ ಮತ್ತೆ ನೋಡುವ ಮಕ್ಕಳು ಮೋಸಹೋಗುವುದು ಇಲ್ಲಿಯೇ. ಕಂಡದ್ದೆಲ್ಲ ಪರಿಚಿತವೆನಿಸುತ್ತದೆ, ಪರಿಚಯವೇ ಜ್ಞಾನವೆಂದು ತೋರುತ್ತದೆ. ಆದುದರಿಂದ ವೀಡಿಯೋ ಮುಗಿದೊಡನೆ ಪರದೆಯನ್ನು ಮುಚ್ಚಿ, ಬರಿಯ ಕಾಗದದಲ್ಲಿ ಬರೆಯುವ ಅಭ್ಯಾಸವಾಗಲಿ. ಸಂಜೆ ತರಕಾರಿ ಹೆಚ್ಚುತ್ತಿರುವ ತಾಯಿಗೆ ಮಗಳು ಐದು ನಿಮಿಷ ದ್ಯುತಿಸಂಶ್ಲೇಷಣೆಯನ್ನು ವಿವರಿಸಲಿ. ತಾಯಿಗೆ ಅರ್ಥವಾಗದೆ ಹೋದ ಜಾಗವೇ ಮಗಳಿಗೂ ಅರ್ಥವಾಗಿರದ ಜಾಗ.

ನಿದ್ರೆಯ ಮಾತನ್ನು ಬಿಡುವಂತಿಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ತಜ್ಞವೈದ್ಯರು ಹೇಳುತ್ತಾರೆ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದೆ ಸರಿಯುವುದರಿಂದ ರಾತ್ರಿ ನಿದ್ರೆ ತಡವಾಗಿ ಬರುತ್ತದೆ, ಅದು ಸೋಮಾರಿತನವಲ್ಲ. ಹದಿಹರೆಯದವರ ಶಾಲೆಗಳು ಬೆಳಗಿನ ಎಂಟೂವರೆಗೆ ಮುನ್ನ ಆರಂಭವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2014ರಲ್ಲಿ ಸಲಹೆ ನೀಡಿದುದು ಈ ಕಾರಣದಿಂದಲೇ. ಮನೆಯ ಶಾಲೆಗೆ ಈ ಸೌಲಭ್ಯ ಪುಕ್ಕಟೆಯಾಗಿ ದೊರೆತಿದೆ. ಬ್ರಾಹ್ಮೀ ಮುಹೂರ್ತದ ಅಭಿಮಾನಿಗಳಾದ ಅಜ್ಜಂದಿರು ಮನ್ನಿಸಬೇಕು. ಒಂಬತ್ತು ಗಂಟೆಗೆ ಪಾಠವಾರಂಭಿಸಿದರೆ ಪ್ರಳಯವಾಗದು. ಆದರೆ ಅದು ದಿನವೂ ಒಂಬತ್ತೇ ಆಗಿರಲಿ. ರಾತ್ರಿ ಫೋನು ಮಲಗುವುದು ಹಜಾರದಲ್ಲಿ, ಅಪ್ಪನ ಫೋನಿನ ಪಕ್ಕದಲ್ಲಿ. ಅಪ್ಪನದು ಅಲ್ಲಿರದಿದ್ದರೆ ಮಗನದೂ ಬಹಳ ದಿನ ಇರದು.

ಓದಲು ಪ್ರತ್ಯೇಕ ಕೋಣೆ ಬೇಕೆಂದೇನೂ ಇಲ್ಲ. ಊಟದ ಮೇಜಿನ ಒಂದು ಮೂಲೆಯೂ ಆದೀತು, ಹಾಸಿಗೆ ಮಾತ್ರ ಕೂಡದು. ಇನ್ನು ಸ್ನೇಹ. ಕಾಟ ತಾಳಲಾರದೆ ಶಾಲೆ ಬಿಟ್ಟ ಹುಡುಗನಿಗೂ ಗೆಳೆಯರು ಬೇಕು. ವಾರಕ್ಕೆ ಮೂರು ಸಂಜೆ ಆಟದ ಬಯಲೋ, ಸಂಗೀತದ ತರಗತಿಯೋ, ಗ್ರಂಥಾಲಯವೋ, ಸಮವಯಸ್ಕರು ಮುಖಾಮುಖಿ ಸಿಗುವಂಥದು ಇರಲೇಬೇಕು.

ನಮ್ಮ ದೇಶದಲ್ಲಿ ಮನೆಯಿಂದಲೇ ಹತ್ತನೆಯ, ಹನ್ನೆರಡನೆಯ ತರಗತಿಗಳ ಪರೀಕ್ಷೆಗೆ ಸಿದ್ಧವಾಗುವ ಬಹುಮಂದಿಗೆ ಆಶ್ರಯವಾಗಿರುವುದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1979ರಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯ ಒಂದು ಯೋಜನೆಯಾಗಿ ಹುಟ್ಟಿ, 1989ರಲ್ಲಿ ಸ್ವಾಯತ್ತವಾಯಿತು. 2002ರಲ್ಲಿ ಈಗಿನ ಹೆಸರು ಬಂದಿತು. ಹದಿನಾಲ್ಕು ತುಂಬಿದವರು ಹತ್ತನೆಯ ತರಗತಿಗೆ ಸೇರಬಹುದು. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಅವಕಾಶ. ವರ್ಷಕ್ಕೆ ಎರಡು ಬಾರಿ ಸಾರ್ವಜನಿಕ ಪರೀಕ್ಷೆ, ಒಟ್ಟು ಒಂಬತ್ತು ಸಲ ಕುಳಿತುಕೊಳ್ಳಬಹುದು. ಉತ್ತೀರ್ಣವಾದ ವಿಷಯದ ಅಂಕಗಳು ಜಮೆಯಾಗಿ ಉಳಿಯುತ್ತವೆ. ಎಲ್ಲವನ್ನೂ ಒಮ್ಮೆಗೇ ಬರೆಯಬೇಕೆಂಬ ನಿರ್ಬಂಧವಿಲ್ಲ.

ರೋಗಿಗೆ, ಆಟಗಾರನಿಗೆ ಈ ಉದಾರತೆ ವರದಾನ. ಆದರೆ ‘ಇನ್ನೂ ಐದು ವರ್ಷವಿದೆಯಲ್ಲ’ ಎಂಬ ಮಾತು ಮನೆಯಲ್ಲಿ ಒಮ್ಮೆ ಹೊರಟಿತೆಂದರೆ, ಮೊದಲ ಪರೀಕ್ಷೆ ಸದ್ದಿಲ್ಲದೆ ದಾಟಿಹೋಗುತ್ತದೆ. ಎರಡನೆಯದು ಬರುವ ಹೊತ್ತಿಗೆ ಜೊತೆಯ ಹುಡುಗರು ಕಾಲೇಜು ಸೇರಿರುತ್ತಾರೆ. ಆಮೇಲೆ ಪುಸ್ತಕ ತೆರೆಯಲೇ ನಾಚಿಕೆ. ಆದುದರಿಂದ ನೋಂದಾಯಿಸಿದ ದಿನವೇ, ಮೊದಲ ಸಲ ಬರೆಯುವ ವಿಷಯಗಳಾವುವೆಂದು ನಿಶ್ಚಯಿಸತಕ್ಕದ್ದು. ಎರಡೇ ಆದರೂ ಸರಿ. ಹುಡುಗನಿಗೆ ಪ್ರಿಯವಾದುದೊಂದು, ಕಷ್ಟವಾದುದೊಂದು. ಒಪ್ಪಿಸಬೇಕಾದ ಅಭ್ಯಾಸಪತ್ರಗಳಿಗೂ ಅಂಕವುಂಟು, ಕೊನೆಯ ದಿನಾಂಕವೂ ಉಂಟು. ಅದಕ್ಕಿಂತ ಮೂರು ವಾರ ಮುಂಚಿನ ತಾರೀಕೊಂದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಬೇಕು. ಆ ಗುರುತನ್ನು ಹುಡುಗನೇ ತನ್ನ ಕೈಯಾರೆ ಮಾಡಲಿ.