ಪಾಚಿಗೇ ಫಿಲ್ಟರ್ ಕೆಲಸ

ಅಕ್ವೇರಿಯಂ ಇಟ್ಟವರಿಗೆಲ್ಲ ಪಾಚಿ ಎಂದರೆ ಆಗದು. ಗಾಜಿಗೆ ಹತ್ತಿದರೆ ಉಜ್ಜುತ್ತಾರೆ, ನೀರು ಹಸಿರಾದರೆ ಔಷಧಿ ಸುರಿಯುತ್ತಾರೆ. ಹಲಕುಂದಿಯ ನಮ್ಮ ಮನೆಯ ಗೋಲ್ಡ್‌ಫಿಶ್ ತೊಟ್ಟಿಯಲ್ಲಿ ನೀರು ಶುದ್ಧ ಮಾಡುವ ಕೆಲಸವನ್ನೇ ನಾನು ಪಾಚಿಗೆ ಒಪ್ಪಿಸಿದ್ದೇನೆ. ಬಳ್ಳಾರಿ ಸೀಮೆಯ ಬಿಸಿಲಿಗೂ ಗಡಸು ನೀರಿಗೂ ಇದು ತಕ್ಕ ಉಪಾಯ.

ಮೀನಿನ ಹೊಲಸು, ತಿನ್ನದೆ ಉಳಿದ ಕಾಳು ಎಲ್ಲವೂ ಕೊನೆಗೆ ಅಮೋನಿಯಾ ಆಗುತ್ತದೆ. ನೀರಿನಲ್ಲಿ ಅದಕ್ಕೆ ಎರಡು ರೂಪ. ಒಂದರಿಂದ ಅಷ್ಟು ತೊಂದರೆಯಿಲ್ಲ, ಇನ್ನೊಂದು ಮೀನಿನ ಕಿವಿರನ್ನೇ ಸುಡುತ್ತದೆ. ಪಿಎಚ್ 7 ಇರುವ 25 ಡಿಗ್ರಿಯ ನೀರಿನಲ್ಲಿ ಈ ವಿಷರೂಪ ನೂರಕ್ಕೆ ಅರ್ಧ ಪಾಲು ಮಾತ್ರ. ಪಿಎಚ್ 8 ಆಗಿ ನೀರು 30 ಡಿಗ್ರಿಗೆ ಏರಿದರೆ ಸುಮಾರು ಏಳು ಪಾಲು. ಹೊರಗೆ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್‌ನಲ್ಲಿ ಬೋರ್ ನೀರು ತುಂಬಿದ ತೊಟ್ಟಿಯ ಪಾಡು ಇದೇ. ಸಾಲದ್ದಕ್ಕೆ, ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ.

ಅಂಗಡಿಯ ಸ್ಪಾಂಜ್ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಒಳ್ಳೆಯ ಕೆಲಸವೇ, ಆದರೆ ಆ ನೈಟ್ರೇಟ್ ತೊಟ್ಟಿಯಲ್ಲೇ ಉಳಿಯುತ್ತದೆ. ಪಾಚಿಯಾದರೋ ಅಮೋನಿಯಾ, ನೈಟ್ರೇಟ್, ಫಾಸ್ಫೇಟ್ ಮೂರನ್ನೂ ಹೀರಿ ಮೈ ಬೆಳೆಸಿಕೊಳ್ಳುತ್ತದೆ. ಬೆಳೆದದ್ದನ್ನು ಕೆರೆದು ತೆಗೆದರೆ ಅಷ್ಟು ಹೊಲಸು ತೊಟ್ಟಿಯಿಂದ ಹೊರಗೆ ಹೋದಂತೆ. ಹವಳದ ದಿಬ್ಬಗಳ ಮೇಲೆ ಅಲೆ ಬಡಿಯುವ ಕಡೆ ದಟ್ಟವಾಗಿ ಬೆಳೆಯುವ ಗಿಡ್ಡ ಪಾಚಿಯನ್ನು ಅಭ್ಯಾಸ ಮಾಡಿದ ವಾಲ್ಟರ್ ಏಡಿ ಎಂಬ ವಿಜ್ಞಾನಿ, ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದ್ದಾಗ ಈ ವಿಧಾನ ರೂಪಿಸಿ 1982ರಲ್ಲಿ ಪೇಟೆಂಟ್ ಪಡೆದರು. ಮುಂದೆ ಹೊಲಗದ್ದೆಗಳಿಂದ ಹರಿದುಬರುವ ನೀರನ್ನು ಶುದ್ಧ ಮಾಡಲೂ ಅದನ್ನು ಬಳಸಿದರು.

ಇಂಥ ಪಾಚಿ ಫಿಲ್ಟರ್ ಕಟ್ಟುವುದು ಕಷ್ಟವಲ್ಲ. ಉಲ್ಲನ್ ಕಸೂತಿಗೆ ಬಳಸುವ ಪ್ಲಾಸ್ಟಿಕ್ ಜಾಲರಿ ತಂದು, ಹ್ಯಾಕ್ಸಾ ಬ್ಲೇಡಿನಿಂದ ಎರಡೂ ಮಗ್ಗುಲು ಚೆನ್ನಾಗಿ ಗೀರಿ ತರಿತರಿ ಮಾಡಬೇಕು. ನುಣುಪಾದ ಜಾಲರಿಗೆ ಪಾಚಿ ಬೇರೂರದೆ ಜಾರಿಹೋಗುತ್ತದೆ. ಪಿವಿಸಿ ಪೈಪಿಗೆ ಉದ್ದಕ್ಕೆ ಸೀಳು ಕೊಯ್ದು, ಜಾಲರಿಯ ಅಂಚನ್ನು ಅದರೊಳಗೆ ಸೇರಿಸಿ, ತೊಟ್ಟಿಯ ಮೇಲಿನ ಡಬ್ಬಿಯಲ್ಲಿ ತೂಗುಬಿಟ್ಟರಾಯಿತು. ಪಂಪಿನ ನೀರು ಎರಡೂ ಮೈಮೇಲೆ ತೆಳುವಾಗಿ ಇಳಿದು ಮತ್ತೆ ತೊಟ್ಟಿಗೇ ಬೀಳುತ್ತದೆ. ಜಾಲರಿಯ ಅಗಲದ ಒಂದೊಂದು ಅಂಗುಲಕ್ಕೂ ಗಂಟೆಗೆ ಸುಮಾರು 130 ಲೀಟರ್ ಹರಿಯಬೇಕೆಂಬುದು ಹವ್ಯಾಸಿಗಳ ಲೆಕ್ಕ. ಜಾಲರಿಯ ಅಳತೆಯನ್ನು ತೊಟ್ಟಿ ಎಷ್ಟು ದೊಡ್ಡದು ಎಂದು ನೋಡಿ ನಿರ್ಧರಿಸಬಾರದು, ದಿನಕ್ಕೆ ಎಷ್ಟು ಆಹಾರ ಹಾಕುತ್ತೀರಿ ಎಂದು ನೋಡಬೇಕು.

ಎರಡೂ ಬದಿಗೆ ಕೆಂಪು ಎಲ್‌ಇಡಿ ಬೇಕು. ನಾನು ಅದನ್ನು ಉರಿಸುವುದು ಸಂಜೆಯಿಂದ ಬೆಳಗಿನವರೆಗೆ. ತೊಟ್ಟಿಯ ದೀಪ ಆರಿದ ಮೇಲೆ ಒಳಗಿನ ಗಿಡಗಳು ಆಮ್ಲಜನಕ ಕೊಡುವುದನ್ನು ನಿಲ್ಲಿಸುತ್ತವೆ. ಆ ಹೊತ್ತಿಗೆ ಜಾಲರಿಯ ಪಾಚಿ ಕೊಡುತ್ತಿರುತ್ತದೆ.

ಮೊದಲು ಕಂದು ಲೋಳೆ ಬರುತ್ತದೆ, ಗಾಬರಿ ಬೇಡ. ಹಸಿರು ನೂಲು ಆಮೇಲೆ. ಒಂದೆರಡು ವಾರಕ್ಕೊಮ್ಮೆ ಜಾಲರಿಯನ್ನು ಸಿಂಕಿಗೆ ಒಯ್ದು ಬೆರಳಿನಿಂದ ಎಳೆದರೆ ನೆನೆದ ಉಣ್ಣೆಯಂತೆ ಹಿಡಿಹಿಡಿಯಾಗಿ ಕೈಗೆ ಬರುತ್ತದೆ. ಹಸಿ ಮಣ್ಣಿನ ವಾಸನೆ. ಬುಡದ ತೆಳು ಪದರ ಹಾಗೇ ಇರಲಿ, ಮತ್ತೆ ಚಿಗುರುವುದು ಅದರಿಂದಲೇ. ಕಿತ್ತದ್ದು ನಮ್ಮ ಕರಿಬೇವಿನ ಬುಡಕ್ಕೆ ಹೋಗುತ್ತದೆ.

ತುಂಗಭದ್ರೆಯ ಹಿನ್ನೀರು ಹಸಿರಾಯಿತೆಂಬ ಸುದ್ದಿ ಓದಿದಾಗಲೆಲ್ಲ ಮನಸ್ಸಿಗೆ ಸಂಕಟವಾಗುತ್ತದೆ. ಸಾರಜನಕ, ರಂಜಕ ಮಿತಿಮೀರಿದ ನೀರಿನಲ್ಲಿ ಪಾಚಿ ಹಬ್ಬುತ್ತದೆ, ಅಷ್ಟು ದೊಡ್ಡ ಜಲಾಶಯದಲ್ಲಿ ಕೆರೆದು ತೆಗೆಯುವವರು ಯಾರು?

ನಮ್ಮ ಕಡೆ ಈ ಪಾಚಿ ಫಿಲ್ಟರ್ ಮಾಡುವವರು ಎರಡು ವಿಷಯ ಗಮನದಲ್ಲಿಡಿ. ಕರೆಂಟು ಹೋಗಿ ಪಂಪು ನಿಂತರೆ ಬೇಸಿಗೆಯಲ್ಲಿ ಜಾಲರಿ ಬೇಗ ಒಣಗಿ ಪಾಚಿ ಸಾಯುತ್ತದೆ, ಆದ್ದರಿಂದ ಪಂಪನ್ನು ಇನ್ವರ್ಟರಿಗೆ ಸೇರಿಸಿ. ನೀರು ತೆಳುವಾಗಿ ಇಳಿಯುವುದರಿಂದ ತಂಪಾಗುತ್ತದೆ ನಿಜ, ಆದರೆ ಆವಿಯಾಗುವುದೂ ಹೆಚ್ಚು. ಕಡಿಮೆಯಾದಷ್ಟಕ್ಕೆ ಬೋರ್ ನೀರನ್ನೇ ತುಂಬುತ್ತ ಹೋದರೆ ಉಪ್ಪು ಕೂಡುತ್ತ ಹೋಗುತ್ತದೆ, ಹಿಡಿದಿಟ್ಟ ಮಳೆನೀರನ್ನೋ ಆರ್‌ಒ ನೀರನ್ನೋ ಹಾಕಿ. ಜಾಲರಿ ತುಂಬ ಹಸಿರು ಬರುವವರೆಗೆ ಹಳೆಯ ಸ್ಪಾಂಜ್ ಫಿಲ್ಟರನ್ನು ಮಾತ್ರ ತೆಗೆಯಬೇಡಿ.